ಗಾಳದ ತುದಿಯಲ್ಲಿ ಕಾನೂನು

ಲಕ್ಕೂರು ಸೀಮೆಯಲ್ಲಿ ಮಳೆ ಚೆನ್ನಾಗಿ ಬಿದ್ದು ಕೆರೆಗಳಿಗೆ ನೀರು ಬಂದ ವರ್ಷ ಹುಡುಗರ ಕೈಗೆ ಗಾಳ ಬರುತ್ತದೆ. ಒಂದು ಬಿದಿರು ಕಡ್ಡಿ, ನಾಲ್ಕು ಮಾರು ನೈಲಾನ್ ದಾರ, ಸಂತೆಯಲ್ಲಿ ಕೊಂಡ ಕೊಕ್ಕೆ, ತೇಲಲು ಒಣಗಿದ ದಂಟಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಏರಿಯ ಮೇಲೆ ಕುಳಿತು ಅರ್ಧ ಗಂಟೆಯಾಗುವಷ್ಟರಲ್ಲಿ ಗುತ್ತಿಗೆದಾರನ ಕಾವಲುಗಾರ 'ಯಾರ್ರೋ ಅದು?' ಎಂದು ಕೂಗುತ್ತಾನೆ. ಹುಡುಗರು ಗಾಳ ಬಿಟ್ಟು ಓಡುತ್ತಾರೆ. ಕೆರೆ ಊರಿನದು, ನೀರು ಮಳೆಯದು, ಮೀನು ಮಾತ್ರ ಯಾರದು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಎದ್ದರೆ ಅದು ಬುದ್ಧಿವಂತ ಪ್ರಶ್ನೆಯೇ.

ಕೆರೆಯ ಮಟ್ಟಿಗೆ ಉತ್ತರ ಸುಲಭ. ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಗುತ್ತಿಗೆ ಹಿಡಿದವನು ದುಡ್ಡು ಕೊಟ್ಟು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ತಂದು ಬಿಟ್ಟಿರುತ್ತಾನೆ. ಅವನ ಪಾಲಿಗೆ ಅದು ಬೆಳೆ. ಪಕ್ಕದ ಹೊಲದ ಟೊಮೇಟೊ ಕೀಳುವಂತಿಲ್ಲ ಎಂದಮೇಲೆ ಕೆರೆಯ ಕಾಟ್ಲಾ ಹಿಡಿಯುವಂತೆಯೂ ಇಲ್ಲ. ಆದರೆ ಯಾರೂ ಬಿತ್ತದ, ಯಾರೂ ಸಾಕದ ಮೀನು ಹೊಳೆಯಲ್ಲಿದ್ದರೆ? ಹಿಡಿದವನು ಅದನ್ನು ತಿನ್ನದೆ, ಮಾರದೆ, ತೂಕ ನೋಡಿ ಮತ್ತೆ ನೀರಿಗೇ ಬಿಟ್ಟರೆ? ಅದು ಬೇಟೆಯೋ ಆಟವೋ? ಈ ಪ್ರಶ್ನೆ ಕರ್ನಾಟಕದಲ್ಲಿ ಹಲವು ವರ್ಷ ಸರ್ಕಾರವನ್ನೂ ಗಾಳದ ಹವ್ಯಾಸಿಗಳನ್ನೂ ಎದುರುಬದುರು ನಿಲ್ಲಿಸಿತು.

ಇಂಥ ಜಗಳ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಯೂರೋಪಿನ ಕಡಲಲ್ಲಿ ಬಾಸ್ ಎಂಬ ಮೀನು ಕಡಿಮೆಯಾದಾಗ, 2016ರ ಮೊದಲ ಆರು ತಿಂಗಳು ಬ್ರಿಟನ್ನಿನ ಸುತ್ತಣ ಸಮುದ್ರದಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು ಒಂದೇ ಒಂದು ಬಾಸ್ ಕೂಡ ಮನೆಗೆ ಒಯ್ಯಬಾರದು ಎಂಬ ನಿಯಮ ಬಂತು. ಅದೇ ಹೊತ್ತಿನಲ್ಲಿ ವ್ಯಾಪಾರಕ್ಕೆ ಹಿಡಿಯುವ ಕೆಲವು ದೋಣಿಗಳಿಗೆ ತಿಂಗಳಿಗೆ ಟನ್ನಿನ ಲೆಕ್ಕದಲ್ಲಿ ಅವಕಾಶವಿತ್ತು. ಒಂದು ಮೀನು ಹಿಡಿಯುವವನಿಗೆ ತಡೆ, ಸಾವಿರ ಹಿಡಿಯುವವನಿಗೆ ರಿಯಾಯಿತಿ ಎಂದು ಹವ್ಯಾಸಿಗಳು ಸಿಡಿದೆದ್ದರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮೊಟ್ಟೆಯಿಡುವ ಕಾಲವೆಂಬುದೂ ಅದಕ್ಕೊಂದು ಕಾರಣ. ಕಡಲೂರಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹವ್ಯಾಸಿಗಳ ದೊಡ್ಡ ಜಗಳ ನಡೆದದ್ದು ಕಡಲಿನಲ್ಲಲ್ಲ, ಕಾವೇರಿಯಲ್ಲಿ.

ಶಿವನಸಮುದ್ರದ ಹೆಸರು ಕೋಲಾರ ಜಿಲ್ಲೆಯವರಿಗೆ ಹೊಸದಲ್ಲ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗೆ. ಆ ಜಲಪಾತದಿಂದ ಕೆಳಗೆ ಕಾವೇರಿ ಕಾಡಿನ ನಡುವೆ ಬಂಡೆಗಳನ್ನು ಸೀಳಿಕೊಂಡು ಸಾಗುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ, ಸಂಗಮ, ಮೇಕೆದಾಟು. ಇಲ್ಲಿನ ಆಳವಾದ ಮಡುಗಳಲ್ಲಿ ಇದ್ದದ್ದು ಮಹಶೀರ್. ಹೊಳೆಯ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಗೆಂಡೆಯ ಕುಲಕ್ಕೆ ಸೇರಿದ ಮೀನಾದರೂ ಅಂಗೈಯಗಲದ ಹುರುಪೆ, ಬೆನ್ನಿನ ಮೇಲೆ ಗೂನು, ಬಾಲದ ರೆಕ್ಕೆಗಳಲ್ಲಿ ಕಿತ್ತಳೆ ಛಾಯೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಸತ್ತ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವ ಕೆಲಸಕ್ಕೆ ಹೆಸರಾದದ್ದು. ಆ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳದಿಂದ ಎಳೆದ ಮಹಶೀರ್ 120 ಪೌಂಡ್ ತೂಗಿತು. ಸುಮಾರು 54 ಕಿಲೋ. ಐವತ್ತು ಕಿಲೋ ಅಕ್ಕಿಮೂಟೆ ಹೊತ್ತವರಿಗೆ ಅದರ ಗಾತ್ರ ಅರ್ಥವಾದೀತು.

ಈ ರಾಜಮೀನಿಗೆ ಆಮಿಷ ಯಾವುದು ಗೊತ್ತೆ? ನಮ್ಮ ರಾಗಿ. ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಕೊಕ್ಕೆಗೆ ಮೆತ್ತಿ ಎಸೆಯುತ್ತಿದ್ದರು. ಸಾವಿರಾರು ಮೈಲಿ ದೂರದಿಂದ ಬೆಲೆಬಾಳುವ ಗಾಳದ ಕೋಲು ಹಿಡಿದು ಬಂದ ವಿದೇಶಿಯರು ಕೊನೆಗೆ ನಂಬಿದ್ದು ಮುದ್ದೆಯನ್ನೇ!

ಬ್ರಿಟಿಷರ ಕಾಲದಲ್ಲಿ ಮಹಶೀರ್ ಬೇಟೆ ದೊಡ್ಡ ಷೋಕಿ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳದ ಮೀನುಗಾರಿಕೆಯ ಮೇಲೆ ಪುಸ್ತಕವನ್ನೇ ಬರೆದು 1873ರಲ್ಲಿ ಪ್ರಕಟಿಸಿದರು. ಸ್ವಾತಂತ್ರ್ಯ ಬಂದಮೇಲೆ ಷೋಕಿ ಮರೆಯಾಯಿತು, ತೋಟೆ ಬಂತು. ಕಲ್ಲು ಒಡೆಯುವ ಸಿಡಿಮದ್ದನ್ನು ಮಡುವಿಗೆ ಎಸೆದರೆ ಆಘಾತದ ಅಲೆಗೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ದೊಡ್ಡದು, ಚಿಕ್ಕದು, ಮರಿ ಎಲ್ಲವೂ ಸಾಯುತ್ತವೆ. ಸಿಗುವುದು ತೇಲಿದಷ್ಟು, ಮುಳುಗಿದ್ದು ಯಾರಿಗೂ ಇಲ್ಲ. ನೀರಿನಲ್ಲಿ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತ್ತು. ಆದರೆ ಕಾಡಿನ ಮಡುವಿನ ಬಳಿ ಕಾಯ್ದೆ ಓದುವವರಾದರೂ ಯಾರಿದ್ದರು?

ಇಂಥ ಹೊತ್ತಿನಲ್ಲಿ, 1972ರಲ್ಲಿ, ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘ ಹುಟ್ಟಿತು. ಗಾಳದ ಹವ್ಯಾಸಿಗಳೇ ಮುಂದೆ ನಿಂತು ಕಟ್ಟಿದ ಸಂಘ. ಅದು ಹೊಳೆಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು, ಕಾವಲು ಇಟ್ಟು, ಹಿಡಿದ ಮೀನನ್ನು ಬಿಟ್ಟೇ ಬಿಡಬೇಕೆಂಬ ಕಟ್ಟಳೆ ತಂದಿತು. 1978ರ ಸುಮಾರಿಗೆ ಮೂವರು ಆಂಗ್ಲ ತರುಣರ ತಂಡ ಇಲ್ಲಿ ದೊಡ್ಡ ದೊಡ್ಡ ಮಹಶೀರ್ ಹಿಡಿದ ಸುದ್ದಿ ಹಬ್ಬಿತು, ವಿದೇಶಿಯರು ಬರತೊಡಗಿದರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ಭೀಮೇಶ್ವರಿಯಲ್ಲಿ ಶಿಬಿರ ತೆರೆಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಕಾವಲುಗಾರರಾದರು, ಹರಿಗೋಲು ನಡೆಸುವವರಾದರು. ಮೀನಿನ ಜಾಡು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹಿಡಿದು ಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲವೆ? ಆಗುತ್ತದೆ. ಮೀನು ನಿಧಾನವಾಗಿ ಈಜುವಾಗ ಕೆಂಪು ಸ್ನಾಯು ಆಮ್ಲಜನಕ ಬಳಸಿ ದುಡಿಯುತ್ತದೆ. ಕೊಕ್ಕೆ ಸಿಕ್ಕಿ ಹೋರಾಡುವಾಗ ಬಿಳಿ ಸ್ನಾಯುವಿನ ಸರದಿ. ಅದು ಆಮ್ಲಜನಕಕ್ಕೆ ಕಾಯದೆ ದುಡಿದುಬಿಡುತ್ತದೆ, ಲ್ಯಾಕ್ಟಿಕ್ ಆಮ್ಲ ಸೇರುತ್ತದೆ. ಓಟದ ಪಂದ್ಯ ಮುಗಿಸಿದ ಹುಡುಗ ಏದುಸಿರು ಬಿಡುವಂತೆ ಮೀನೂ ಆ ಸಾಲ ತೀರಿಸಬೇಕು. ತೀರಿಸಲು ಆಮ್ಲಜನಕ ಬೇಕು. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲುದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೇಸಿಗೆಯ ಮೀನಿಗೆ ಸಾಲ ಹೆಚ್ಚು, ಸಂಪಾದನೆ ಕಡಿಮೆ. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ಸೋಂಕು ತಗಲಬಹುದು. ಬಲ್ಲವರು ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾರೆ, ಕೈ ಒದ್ದೆ ಮಾಡಿಕೊಳ್ಳುತ್ತಾರೆ, ಮೀನನ್ನು ಪ್ರವಾಹಕ್ಕೆ ಮುಖಮಾಡಿ ಹಿಡಿದು ಅದು ತಾನಾಗಿ ಈಜುವವರೆಗೆ ಕಾಯುತ್ತಾರೆ. ಪಟ ತೆಗೆಸಿಕೊಳ್ಳುವ ಚಪಲಕ್ಕೆ ನೀರಿನಿಂದ ಎತ್ತಿ ಹಿಡಿದಷ್ಟೂ ಹೊತ್ತು ಮೀನಿಗೆ ಉಸಿರಿಲ್ಲ ಎಂಬುದನ್ನು ಮಾತ್ರ ಎಲ್ಲ ಹವ್ಯಾಸಿಗಳೂ ನೆನಪಿಡುತ್ತಿರಲಿಲ್ಲ.

1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವಾಯಿತು. ಆಮೇಲೂ ಗಾಳ ನಡೆಯಿತು. ತೊಡಕು ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅಕ್ಷರಶಃ ಓದತೊಡಗಿದಾಗ. 2002ರ ತಿದ್ದುಪಡಿ 'ಪ್ರಾಣಿ' ಎಂಬ ಪದದ ಅರ್ಥದೊಳಗೆ ಮೀನನ್ನೂ ಸೇರಿಸಿತ್ತು. ಆ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಸೆರೆಹಿಡಿಯುವುದು, ಬಲೆ ಒಡ್ಡುವುದು, ಆಮಿಷ ತೋರುವುದು ಎಲ್ಲವೂ ಬೇಟೆಯೇ. ರಾಗಿ ಉಂಡೆ ಆಮಿಷವಲ್ಲದೆ ಮತ್ತೇನು? ಮಹಶೀರ್ ಕಾಯ್ದೆಯ ಪಟ್ಟಿಗಳಲ್ಲಿ ಇಲ್ಲದ್ದರಿಂದ ಅದು ಕಾನೂನಿನ ಲೆಕ್ಕದಲ್ಲಿ ವನ್ಯಮೃಗವೇ ಅಲ್ಲ ಎಂದು ಹವ್ಯಾಸಿಗಳು ವಾದಿಸಿದರು. ವಾದ ನಿಲ್ಲಲಿಲ್ಲ. 2012ರ ಹೊತ್ತಿಗೆ ವನ್ಯಜೀವಿಧಾಮದೊಳಗಿನ ಗಾಳದ ಶಿಬಿರಗಳು ಗಾಳ ಕೆಳಗಿಟ್ಟವು.

ನಿಷೇಧವನ್ನು ಅರ್ಥವಿಲ್ಲದ ಹಟ ಎಂದು ತಳ್ಳಿಹಾಕಲಾಗದು. ಹೊಳೆ ದಡದ ಬಡವ ಹೊಟ್ಟೆಗೆಂದು ಗಾಳ ಹಾಕಿದರೆ ಅಪರಾಧ, ದಿನಕ್ಕೆ ಸಾವಿರಾರು ರೂಪಾಯಿ ತೆತ್ತವನು ಹಾಕಿದರೆ ಸಂರಕ್ಷಣೆ ಎನ್ನುವುದು ಯಾವ ನ್ಯಾಯ? ಜಿಂಕೆಯನ್ನು ಬಲೆಯಲ್ಲಿ ಕೆಡವಿ, ಪಟ ತೆಗೆದು ಬಿಟ್ಟೆ ಎನ್ನುವವನನ್ನು ಯಾರೂ ಒಪ್ಪುವುದಿಲ್ಲ. ಹವ್ಯಾಸಿಗಳ ಅಳಲಿನಲ್ಲೂ ತಿರುಳಿತ್ತು. ಗಾಳದ ದುಡ್ಡಿನಿಂದ ಕಾವಲುಗಾರರಿಗೆ ಸಂಬಳ ಬರುತ್ತಿತ್ತು, ದಿನವೂ ಹೊಳೆಯ ಮೇಲೆ ಹರಿಗೋಲು ಓಡಾಡುತ್ತಿತ್ತು. ಅದು ನಿಂತರೆ ತೋಟೆಯ ಸದ್ದು ಕೇಳುವ ಕಿವಿ ಯಾವುದು ಎಂದು ಅವರು ಕೇಳಿದರು.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿಂದ ಮುಂದಿನದು. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನಿನ ಲೆಕ್ಕದ ಪುಸ್ತಕ ಉಳಿದಿತ್ತು. ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಣ್ಣದ ಮಹಶೀರ್, ಎಷ್ಟು ಪೌಂಡ್. ಆರು ಸಾವಿರಕ್ಕೂ ಹೆಚ್ಚು ಮೀನಿನ ದಾಖಲೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಅದನ್ನು ಕೂತು ಲೆಕ್ಕಹಾಕಿ 2015ರಲ್ಲಿ ಪ್ರಕಟಿಸಿದರು. ಒಟ್ಟಿನಲ್ಲಿ ಸಿಗುವ ಮಹಶೀರ್ ಸಂಖ್ಯೆ ಹೆಚ್ಚುತ್ತಲೇ ಹೋಗಿತ್ತು. ಹವ್ಯಾಸಿಗಳು ಹೇಳಿದ್ದು ಸರಿ ಎಂದು ಸಂತೋಷಪಡಬೇಕು. ಆದರೆ ಬಣ್ಣದ ಪ್ರಕಾರ ಬೇರೆ ಮಾಡಿ ನೋಡಿದಾಗ ಎದೆ ಝಲ್ಲೆನ್ನುವ ಸಂಗತಿ ಹೊರಬಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೀನು ಬಹುತೇಕ ಮಾಯವಾಗಿತ್ತು. ಸಿಗುತ್ತಿದ್ದ ಕೆಲವೇ ಗೂನು ಮೀನುಗಳ ಸರಾಸರಿ ತೂಕ ಮಾತ್ರ ವರ್ಷದಿಂದ ವರ್ಷಕ್ಕೆ ಏರಿತ್ತು.

ತೂಕ ಏರಿದರೆ ಒಳ್ಳೆಯದಲ್ಲವೆ? ಹಳ್ಳಿಯ ಒಂದು ಶಾಲೆಯನ್ನು ನೆನೆಯಿರಿ. ಒಂದನೇ ತರಗತಿಗೆ ಹೊಸ ಮಕ್ಕಳು ಸೇರುವುದು ನಿಂತುಹೋದರೆ ಇರುವ ಮಕ್ಕಳ ಸರಾಸರಿ ಎತ್ತರ ಪ್ರತಿವರ್ಷ ಏರುತ್ತದೆ. ಏಳನೇ ತರಗತಿ ಮುಗಿದ ದಿನ ಶಾಲೆಗೆ ಬೀಗ. ಗೂನು ಮಹಶೀರ್ ಕಥೆಯೂ ಅದೇ. ಮುದಿ ಮೀನುಗಳಿದ್ದವು, ಮರಿಗಳಿರಲಿಲ್ಲ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಬಳಿಯ ಹೊಳೆಯ ಮೀನನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಲೋನಾವಳದ ಟಾಟಾ ಮೀನು ಕೇಂದ್ರದಲ್ಲಿ ಅದರ ಮರಿ ಮಾಡಿಸುವುದು ಕೈಗೂಡಿದಮೇಲೆ, 1970ರ ದಶಕದಿಂದ ಮರಿಗಳು ದೇಶದ ಅನೇಕ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಬಿಟ್ಟವರ ಉದ್ದೇಶ ಮಹಶೀರ್ ಉಳಿಯಲಿ ಎಂಬುದೇ. ಎಲ್ಲ ಮಹಶೀರೂ ಒಂದೇ ಎಂದುಕೊಂಡರು. ಸ್ಥಳೀಯ ಮೀನು ಸೋಲಲು ಇದೊಂದೇ ಕಾರಣವೆಂದು ಹೇಳುವಂತಿಲ್ಲ. ಅಣೆಕಟ್ಟುಗಳು ಪ್ರವಾಹದ ಕಾಲವನ್ನೇ ಬದಲಿಸಿವೆ, ಮರಳು ತೋಡುವವರು ಮೀನು ಮೊಟ್ಟೆಯಿಡುವ ತಳವನ್ನೇ ಎತ್ತಿಕೊಂಡು ಹೋಗಿದ್ದಾರೆ. ಆದರೂ ಒಳ್ಳೆಯ ಮನಸ್ಸಿನಿಂದ ತಂದ ಪರಊರಿನ ಮೀನು ಎಂಥ ಕೆಲಸ ಮಾಡೀತು ಎಂಬುದಕ್ಕೆ ಕೋಲಾರದವರು ದೂರ ಹುಡುಕಬೇಕಿಲ್ಲ. ಜಲಾಶಯಗಳ ಜಿಲೇಬಿ ಮೀನೂ, ನಿಷೇಧವಿದ್ದರೂ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ಶೂ ಹೊರಗಿನಿಂದಲೇ ಬಂದವು.

ಇನ್ನೊಂದು ವಿಚಿತ್ರ. ಇಷ್ಟು ಹೆಸರಾಂತ ಗೂನು ಮೀನಿಗೆ 2018ರವರೆಗೆ ಒಪ್ಪಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಹೆಸರಿಲ್ಲದ ಜೀವಿ ಯಾವ ಅಪಾಯದ ಪಟ್ಟಿಗೂ ಸೇರಲಾರದು, ಗುರುತಿನ ಚೀಟಿಯಿಲ್ಲದವನಿಗೆ ರೇಷನ್ ಸಿಗದ ಹಾಗೆ. ಆ ವರ್ಷ ಮೋಯಾರ್ ನದಿಯಲ್ಲಿ ಸಿಕ್ಕ ಕೆಲವು ಮೀನುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು ತೋರಿಸಿದರು. ಪಾಂಬಾರೂ ಕಾವೇರಿಯ ಕೊಳ್ಳದ್ದೇ. ಹೆಸರು ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ. ಹೆಸರು ಖಚಿತವಾದ ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿ ಎಂದು ದಾಖಲಾಯಿತು.

ಹಾಗಾದರೆ ಗೆದ್ದವರು ಯಾರು? ಹವ್ಯಾಸಿಗಳ ಪುಸ್ತಕವಿಲ್ಲದಿದ್ದರೆ ಮೀನು ಹೋದದ್ದೇ ತಿಳಿಯುತ್ತಿರಲಿಲ್ಲ. ಅದೇ ಹವ್ಯಾಸಿಗಳು ಹೊಳೆ ಸಮೃದ್ಧವಾಗಿದೆಯೆಂದು ನಂಬಿ ಕುಳಿತಿದ್ದಾಗಲೇ ಅದು ಹೋದದ್ದೂ ನಿಜ. ಕಾನೂನು ಗಾಳವನ್ನು ತಡೆಯಿತು, ಜೊತೆಗೆ ಲೆಕ್ಕದ ಪುಸ್ತಕವೂ ಮುಚ್ಚಿತು. ಗಾಳವಿಲ್ಲದೆ ಎಣಿಸುವ ದಾರಿಗಳು ಈಗ ಇವೆ. ಹೊಳೆಯ ನೀರನ್ನು ಸೋಸಿ, ಮೀನು ಬಿಟ್ಟುಹೋದ ಡಿಎನ್ಎ ಚೂರುಗಳಿಂದ ಅದರ ಇರುವಿಕೆಯನ್ನು ಪತ್ತೆಮಾಡಬಹುದು. ಆದರೆ ಅದರಿಂದ ಮೀನಿನ ತೂಕವಾಗಲಿ ವಯಸ್ಸಾಗಲಿ ತಿಳಿಯದು. ಅರಣ್ಯ ಇಲಾಖೆಯ ಅನುಮತಿ ಪಡೆದು, ವಿಜ್ಞಾನಿಗಳ ಕಣ್ಣಳತೆಯಲ್ಲಿ, ವರ್ಷಕ್ಕೆ ಕೆಲವೇ ದಿನ, ಮೀನಿನ ಸಂತಾನಕಾಲವಾದ ಮಳೆಗಾಲವನ್ನು ಬಿಟ್ಟು ಗಾಳದಿಂದ ಎಣಿಕೆ ಮಾಡುವುದು ಹವ್ಯಾಸಿಗಳೂ ಇಲಾಖೆಯೂ ಒಪ್ಪಬಹುದಾದ ಮಧ್ಯದ ದಾರಿ. ಹಾಗೆ ಮಾಡುವಾಗ ನೀಲಿ ರೆಕ್ಕೆಯದನ್ನೂ ಕಿತ್ತಳೆ ರೆಕ್ಕೆಯದನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು. ಹಿಂದಿನ ಪುಸ್ತಕ ಬರೆದವರು ಬಣ್ಣವನ್ನು ಗುರುತು ಹಾಕಿಟ್ಟಿರದಿದ್ದರೆ, ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವರು ಇಂದಿಗೂ ಕಾವೇರಿಯಲ್ಲಿ ಮಹಶೀರ್ ಹೆಚ್ಚುತ್ತಿದೆ ಎಂದೇ ಹೇಳುತ್ತಿದ್ದರು.