ವಿಳಂಬಕ್ಕೆ ನ್ಯಾಯಾಲಯವುಂಟು, ನಿರಾಕರಣೆಗೆ?

ಅಮೆರಿಕದ ವಲಸೆ ಇಲಾಖೆಯಲ್ಲಿ ಅರ್ಜಿಯೊಂದು ವರ್ಷಗಟ್ಟಲೆ ಅಲುಗಾಡದೆ ಬಿದ್ದಿರುವಾಗ, ಅರ್ಜಿದಾರನು ಆ ದೇಶದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಮ್ಯಾಂಡಮಸ್ ದಾವೆ ಹೂಡಬಹುದೆಂಬ ಮಾತು ಈಗ ಬೆಂಗಳೂರಿನ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಮಾತು ನಿಜವೇ, ಆದರೆ ಆ ದಾವೆಯಿಂದ ದೊರಕತಕ್ಕದ್ದೇನು, ದೊರಕದಿರುವುದೇನು ಎಂಬುದನ್ನು ವಿವೇಚಿಸದೆ ವಕೀಲರಿಗೆ ಹಣ ಸುರಿಯುವವರನ್ನು ಕಂಡಾಗ ಮರುಕವುಂಟಾಗುತ್ತದೆ.

ಕರ್ತವ್ಯವಿಮುಖನಾದ ಅಧಿಕಾರಿಯನ್ನು ಕರ್ತವ್ಯಕ್ಕೆ ಹಚ್ಚುವ ಪ್ರಾಚೀನವಾದ ಪರಮಾದೇಶಾಧಿಕಾರವೂ, ತನ್ನ ಮುಂದಿರುವ ವಿಷಯವನ್ನು ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಯುಕ್ತ ಕಾಲದೊಳಗೆ ಮುಗಿಸತಕ್ಕದ್ದೆಂದು ವಿಧಿಸುವ 1946ರ ಆಡಳಿತ ಕಾರ್ಯವಿಧಾನ ಅಧಿನಿಯಮವೂ ಈ ದಾವೆಗೆ ಆಧಾರ. ಯುಕ್ತ ಕಾಲವೆಂದರೆ ಎಷ್ಟೆಂಬುದನ್ನು ಅಧಿನಿಯಮ ಹೇಳುವುದಿಲ್ಲ. ಅದನ್ನು ನಿರ್ಣಯಿಸಲು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 1984ರಲ್ಲಿ ಆರು ಪರಿಗಣನೆಗಳನ್ನು ನಿರೂಪಿಸಿತು. ಟೆಲಿಫೋನ್ ದರಗಳ ವ್ಯಾಜ್ಯದಲ್ಲಿ ಹುಟ್ಟಿದ ಆ ಅಳತೆಗೋಲಿನಿಂದಲೇ ಇಂದು ಗಂಡಹೆಂಡಿರ ಅಗಲಿಕೆಯನ್ನು ಅಳೆಯುತ್ತಿರುವುದು ವಿಧಿಯ ವಿನೋದವೆನ್ನಬೇಕು. ಒಬ್ಬನನ್ನು ಮುಂದಕ್ಕೆ ಬಿಟ್ಟರೆ ಉಳಿದವರು ಹಿಂದಾಗುವರೆಂದು ಹೇಳಿ ದಾವೆಯನ್ನು ವಜಾ ಮಾಡುವ ನ್ಯಾಯಾಧೀಶರು ಅಲ್ಲಿ ವಿರಳರಲ್ಲ. ಆದರೂ, ಉತ್ತರ ಸಲ್ಲಿಸಲು ಸರ್ಕಾರಕ್ಕಿರುವ 60 ದಿನಗಳ ಅವಧಿ ಮುಗಿಯುವ ಮುನ್ನವೇ ಕಡತಕ್ಕೆ ಜೀವ ಬಂದು ತೀರ್ಮಾನ ಹೊರಬೀಳುವುದೂ ಉಂಟು.

ಆ ತೀರ್ಮಾನ ಅನುಕೂಲವಾಗಿಯೇ ಇರಬೇಕೆಂಬ ನಿಯಮವಿಲ್ಲ. ತೀರ್ಮಾನಿಸೆಂದು ನ್ಯಾಯಾಲಯ ಹೇಳೀತೇ ಹೊರತು ಹೀಗೆಯೇ ತೀರ್ಮಾನಿಸೆಂದು ಹೇಳಲಾರದು. ಗ್ರೀನ್ ಕಾರ್ಡಿನ ಸರತಿಗಂತೂ ಈ ಮದ್ದು ನಾಟುವುದೇ ಇಲ್ಲ: ಉದ್ಯೋಗಾಧಾರಿತ ವಲಸೆಗೆ ವರ್ಷಕ್ಕೆ ಸುಮಾರು 1,40,000 ವೀಸಾಗಳು, ಯಾವ ಒಂದು ದೇಶಕ್ಕೂ ಸಾಮಾನ್ಯವಾಗಿ ಶೇಕಡ 7ಕ್ಕೆ ಮೀರದ ಪಾಲು ಎಂಬ ಮಿತಿಯನ್ನು ಹಾಕಿದವನು ಸೋಮಾರಿ ಅಧಿಕಾರಿಯಲ್ಲ, ಸಾಕ್ಷಾತ್ ಶಾಸನವೇ.

ಅದೇ ಶಾಸನ ಪೌರತ್ವದ ಅರ್ಜಿದಾರನ ವಿಷಯದಲ್ಲಿ ಎಷ್ಟು ಉದಾರಿ! ಸಂದರ್ಶನವಾದ 120 ದಿನಗಳೊಳಗೆ ತೀರ್ಮಾನ ಬಾರದಿದ್ದರೆ ಅವನು ನ್ಯಾಯಾಲಯಕ್ಕೆ ಹೋಗಬಹುದು, ಅಲ್ಲಿ ನ್ಯಾಯಾಧೀಶರೇ ಅರ್ಜಿಯನ್ನು ಇತ್ಯರ್ಥಪಡಿಸಲೂಬಹುದು. ನಿರಾಕೃತನಾದರೆ, ಇಲಾಖೆಯೊಳಗಿನ ಮರುವಿಚಾರಣೆಯ ಬಳಿಕ, ನ್ಯಾಯಾಲಯವು ಇಡೀ ವಿಷಯವನ್ನು ಹೊಸದಾಗಿ ಪರಿಶೀಲಿಸುತ್ತದೆ.

ವಿದೇಶದ ಕಾನ್ಸುಲೇಟಿನಲ್ಲಿ ವೀಸಾ ನಿರಾಕೃತರಾದವರಿಗೆ ಇಂಥ ಭಾಗ್ಯವಿಲ್ಲ. ಅಮೆರಿಕದ ಪ್ರಜೆಯಾದ ಲಾಸ್ ಏಂಜಲೀಸಿನ ವಕೀಲೆಯೊಬ್ಬಳ ಪತಿಗೆ ಎಲ್ ಸಾಲ್ವಡಾರಿನಲ್ಲಿ ವೀಸಾ ನಿರಾಕರಿಸಿದ ಅಧಿಕಾರಿಯು ಕಾರಣವೆಂದು ಕೊಟ್ಟದ್ದು ಕಾನೂನಿನ ಒಂದು ಕಲಮಿನ ಉಲ್ಲೇಖವನ್ನಷ್ಟೆ. ಆತನು ಅಪರಾಧಿ ತಂಡವೊಂದಕ್ಕೆ ಸೇರಿದವನೆಂಬ ಶಂಕೆ ಹೊರಬಿದ್ದದ್ದು ಆಕೆ ದಾವೆ ಹೂಡಿದ ಮೇಲೆ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ವಿದೇಶಿ ಪತಿಗೆ ದೇಶಪ್ರವೇಶ ದೊರಕಬೇಕೆಂಬ ಮೂಲಭೂತ ಹಕ್ಕು ಪ್ರಜೆಗಿಲ್ಲವೆಂದು ತೀರ್ಪಿತ್ತಿತು. ಯಾರನ್ನು ಒಳಬಿಡಬೇಕೆಂಬುದು ಸಾರ್ವಭೌಮ ರಾಷ್ಟ್ರದ ಅಧಿಕಾರವೆಂಬುದನ್ನು ನಾನು ಅಲ್ಲಗಳೆಯಲಾರೆನು. ಆದರೆ ಕಾರಣವನ್ನು ಬರೆದು ಕೊಟ್ಟು, ಅದು ಸುಳ್ಳೆಂದು ತೋರಿಸಲು ಒಂದು ಅವಕಾಶವಿತ್ತರೆ ಆ ಸಾರ್ವಭೌಮತ್ವಕ್ಕೆ ಬರುವ ಕುಂದೇನು? ಇದನ್ನು ಮಾಡಬೇಕಾದದ್ದು ನ್ಯಾಯಾಧೀಶರಲ್ಲ, 120 ದಿನಗಳ ಗಡುವನ್ನು ವಿಧಿಸಬಲ್ಲ ಅಮೆರಿಕದ ಕಾಂಗ್ರೆಸ್ಸು. ಅಲ್ಲಿಯವರೆಗೆ, ಚೆನ್ನೈನ ಕಾನ್ಸುಲೇಟಿನಿಂದ ಬರಿಗೈಯಲ್ಲಿ ಮರಳಿದ ನಮ್ಮವರು ಹಣವನ್ನೂ ಶ್ರಮವನ್ನೂ ದಾವೆಗಿಂತ ಹೊಸ ಅರ್ಜಿಯ ದಾಖಲೆಗಳಿಗೆ ವ್ಯಯಿಸುವುದೇ ಲೇಸು.