ತಪ್ಪು ದಾರಿಗೆ ವಾರಸುದಾರರು ಯಾರು?

2024ರಲ್ಲಿ ಕೊಡಗಿನ ರಸ್ತೆಯೊಂದರ ಬದಿಯಲ್ಲಿ ನೆಟ್ಟಿದ್ದ ಬೋರ್ಡಿನ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಗೂಗಲ್ ಹೇಳುತ್ತಿರುವುದು ತಪ್ಪು, ಈ ದಾರಿ ಕ್ಲಬ್ ಮಹೀಂದ್ರಾಕ್ಕೆ ಹೋಗುವುದಿಲ್ಲ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ನೋಡಿದವರು ನಕ್ಕರು, ಪತ್ರಿಕೆಗಳೂ ತಮಾಷೆಯ ಸುದ್ದಿಯಾಗಿಯೇ ಹಾಕಿದವು. ನನಗೆ ಮಾತ್ರ ಆ ಬೋರ್ಡಿನ ಖರ್ಚಿನ ಲೆಕ್ಕ ತಲೆಯಲ್ಲಿ ಕೂತಿತು. ಹಲಗೆ, ಬಣ್ಣ, ಗೂಟ, ನೆಟ್ಟ ಕೂಲಿ ಇಷ್ಟನ್ನೂ ಕೈಯಿಂದ ಹಾಕಿಕೊಂಡವರು ನಕ್ಷೆ ಮಾಡಿದ ಕಂಪನಿಯವರಂತೂ ಅಲ್ಲ. ಬಂದ ಕಾರುಗಳಿಗೆಲ್ಲ ದಾರಿ ಹೇಳಿ ಹೇಳಿ ಸಾಕಾದ ಅಕ್ಕಪಕ್ಕದವರೇ ಇರಬೇಕು.

ತಪ್ಪು ಒಬ್ಬರದು, ದಂಡ ಇನ್ನೊಬ್ಬರದು. ಆನ್‌ಲೈನ್ ನಕ್ಷೆಗಳ ಎಡವಟ್ಟಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ಅಚ್ಚರಿಪಡುವುದು ಇಷ್ಟು ದೊಡ್ಡ ಕಂಪನಿಗೆ ಇಷ್ಟು ಸಣ್ಣ ವಿಷಯ ಗೊತ್ತಾಗಲಿಲ್ಲವೇ ಎಂದು. ಲೋಕದ ರಸ್ತೆಗಳನ್ನೆಲ್ಲ ಬರೆಯಲು ಹೊರಟವರು ತಪ್ಪುವುದು ಸಹಜ. ಆ ತಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೇಳಬೇಕಾದ ಪ್ರಶ್ನೆ ಅದು.

ಮೊಬೈಲಿನ ನಕ್ಷೆ ತಯಾರಾಗುವ ಬಗೆಯನ್ನು ಸ್ವಲ್ಪ ನೋಡೋಣ. ಉಪಗ್ರಹ ಮತ್ತು ವಿಮಾನದಿಂದ ತೆಗೆದ ಚಿತ್ರಗಳು, ಸರ್ಕಾರಿ ಇಲಾಖೆಗಳೂ ಬೇರೆ ಕಂಪನಿಗಳೂ ಕೊಟ್ಟ ಮಾಹಿತಿ, ಕ್ಯಾಮೆರಾ ಹೊತ್ತು ತಿರುಗುವ ಕಾರುಗಳು, ನಮ್ಮ ನಿಮ್ಮಂಥವರು ಕಳಿಸುವ ತಿದ್ದುಪಡಿಗಳು, ಜನರ ಜೇಬಿನಲ್ಲಿರುವ ಫೋನುಗಳು ಎಷ್ಟು ವೇಗವಾಗಿ ಸರಿದಾಡುತ್ತಿವೆ ಎಂಬ ಲೆಕ್ಕ, ಎಲ್ಲವೂ ಅದರೊಳಗೆ ಸೇರುತ್ತವೆ. ಚಿತ್ರದಲ್ಲಿ ಕಾಣುವ ಉದ್ದನೆಯ ಗೆರೆಯನ್ನು ರಸ್ತೆ ಎಂದು ಗುರುತಿಸುವ ಕೆಲಸದಲ್ಲಿ ಈಗ ಸಾಫ್ಟ್‌ವೇರಿನ ಪಾಲು ದೊಡ್ಡದು. ಮೇಲಿನಿಂದ ನೋಡಿದರೆ ಮಂಡ್ಯದ ಕಡೆಯ ವಿ.ಸಿ. ನಾಲೆಯ ಏರಿಯೂ ರಸ್ತೆಯೇ, ಸಕಲೇಶಪುರದ ಕಾಫಿ ತೋಟದೊಳಗೆ ಟ್ರ್ಯಾಕ್ಟರ್ ಓಡಾಡಿ ಆದ ಜಾಡೂ ರಸ್ತೆಯೇ. ಏರಿಗೆ ತಡೆಗೋಡೆ ಉಂಟೇ, ತೋಟದ ದಾರಿಗೆ ಗೇಟು ಉಂಟೇ, ಗೇಟಿಗೆ ಬೀಗ ಬಿದ್ದಿದೆಯೇ ಎಂಬುದು ಆಕಾಶಕ್ಕೆ ಕಾಣುವುದಿಲ್ಲ. 2020ರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಒಂದು ವಿಡಿಯೊ ಹೊರಬಿಟ್ಟರು. ಪುಟ್ಟ ಕೈಗಾಡಿಯಲ್ಲಿ 99 ಹಳೆಯ ಫೋನುಗಳನ್ನು ತುಂಬಿಕೊಂಡು ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದರೆ, ನಕ್ಷೆಯಲ್ಲಿ ಆ ಬೀದಿ ಟ್ರಾಫಿಕ್ ಜಾಮ್ ಆದಂತೆ ಕೆಂಪಾಗುತ್ತಿತ್ತು. ನಕ್ಷೆ ಬೀದಿಯನ್ನು ನೋಡುತ್ತಿರಲಿಲ್ಲ, ಊಹಿಸುತ್ತಿತ್ತು.

ಊಹೆ ಮಾಡುವುದು ಅಪರಾಧವಲ್ಲ. ಊಹೆಯನ್ನು ಊಹೆ ಎಂದು ಹೇಳದಿರುವುದಕ್ಕೆ ನನ್ನ ತಕರಾರು. ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊ ಹಾಳೆಯನ್ನು ಬಿಡಿಸಿ ನೋಡಿ. ಡಾಂಬರು ರಸ್ತೆಗೆ ಒಂದು ಗುರುತು, ಮಣ್ಣಿನ ರಸ್ತೆಗೆ ಇನ್ನೊಂದು, ಬಂಡಿ ಜಾಡಿಗೆ, ಕಾಲುಹಾದಿಗೆ ಬೇರೆ ಬೇರೆ. ಅಂಚಿನಲ್ಲಿ ಯಾವ ವರ್ಷ ಸರ್ವೆ ಆಯಿತು ಎಂದು ಬರೆದಿರುತ್ತದೆ. ಹಿಡಿದು ಓದುವವನಿಗೆ ಹಾಳೆಯ ವಯಸ್ಸು ಗೊತ್ತು; ನಡುವೆ ಸೇತುವೆ ಬಂದಿರಬಹುದು, ಕೆರೆ ಹೋಗಿರಬಹುದು ಎಂಬ ಎಚ್ಚರದಲ್ಲೇ ಓದುತ್ತಾನೆ. ನಮ್ಮ ಕಂದಾಯ ಇಲಾಖೆಯ ಗ್ರಾಮ ನಕಾಶೆಯೂ ಅಷ್ಟೆ, ಬಂಡಿದಾರಿಯನ್ನು ಕಾಲುದಾರಿಯ ಜೊತೆ ಬೆರೆಸುವುದಿಲ್ಲ. ಇವತ್ತಿಗೂ ಹೊಲದ ದಾರಿಯ ಜಗಳ ತಹಶೀಲ್ದಾರರ ಮುಂದೆ ಹೋದರೆ ಮೊದಲು ಏಳುವ ಮಾತು ಅದು ನಕಾಶೆಯಲ್ಲಿ ಕಂಡ ದಾರಿ ಹೌದೋ ಅಲ್ಲವೋ ಎಂಬುದೇ.

ಮೊಬೈಲಿನ ನಕ್ಷೆಗೆ ಅಂಚೇ ಇಲ್ಲ. ನಿನ್ನೆ ಬರೆದ ಗೆರೆ, ಹತ್ತು ವರ್ಷ ಹಿಂದೆ ಬರೆದ ಗೆರೆ, ಯಾರೂ ಕಾಲಿಟ್ಟು ನೋಡದ ಗೆರೆ, ಎಲ್ಲವೂ ಒಂದೇ ಬಣ್ಣದಲ್ಲಿ ಒಂದೇ ನುಣುಪಿನಲ್ಲಿ ಕೂತಿರುತ್ತವೆ. ಹೆಣ್ಣಿನ ದನಿಯೊಂದು ಒಂದಿಷ್ಟೂ ತಡವರಿಸದೆ ಎಡಕ್ಕೆ ತಿರುಗಿ ಎನ್ನುತ್ತದೆ. ಊರಿನ ಕಟ್ಟೆಯ ಮೇಲೆ ಕೂತ ಅಜ್ಜನನ್ನು ಕೇಳಿದರೆ 'ಮಳೆಗಾಲದಾಗೆ ಹಳ್ಳ ಬಂದಿರ್ತದೆ, ನೋಡ್ಕಂಡು ಹೋಗಿ' ಎಂದು ಅನುಮಾನವನ್ನೂ ಸೇರಿಸಿಯೇ ದಾರಿ ಹೇಳುತ್ತಿದ್ದ.

ಕಾಗದದ ನಕ್ಷೆಗಳೆಲ್ಲ ಸತ್ಯ ಹರಿಶ್ಚಂದ್ರನ ವಂಶದವು ಎಂದೇನೂ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಜನರಲ್ ಡ್ರಾಫ್ಟಿಂಗ್ ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಆಗ್ಲೋ ಎಂಬ ಇಲ್ಲದ ಊರನ್ನು ಬೇಕೆಂದೇ ಸೇರಿಸಿತ್ತು. ಯಾರಾದರೂ ನಕಲು ಹೊಡೆದರೆ ಸಿಕ್ಕಿಬೀಳಲಿ ಎಂಬ ಉಪಾಯ. ನಕ್ಷೆ ನೋಡಿದವರು ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದರು, ಸುಳ್ಳು ಊರಿಗೆ ನಿಜವಾದ ವಿಳಾಸ ಬಂತು. 2014ರವರೆಗೂ ಆ ಹೆಸರು ಗೂಗಲ್ ಮ್ಯಾಪ್ಸ್‌ನಲ್ಲಿತ್ತು. ಡೆಟ್ರಾಯಿಟ್ ನಗರದ ಫಿಶ್‌ಕಾರ್ನ್ ಎಂಬ ವಸತಿ ಪ್ರದೇಶವೂ ಹೀಗೆಯೇ ಅಕ್ಷರ ಅದಲುಬದಲಾಗಿ ಆನ್‌ಲೈನ್ ನಕ್ಷೆಯಲ್ಲಿ ಫಿಸ್ಕ್‌ಹಾರ್ನ್ ಆಯಿತು. ಎಲ್ಲರೂ ನೋಡುವ ನಕ್ಷೆಯಲ್ಲಿ ಬಿದ್ದ ಹೆಸರು ನಿಧಾನಕ್ಕೆ ಊರಿನವರ ಹೆಸರನ್ನು ನುಂಗುತ್ತದೆ.

ನಮ್ಮಲ್ಲಿ ಈ ಗೋಜಲಿಗೆ ಬೇರೆಯದೇ ಕಾರಣಗಳುಂಟು. ಹೊಸಹಳ್ಳಿ, ರಾಂಪುರ ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ಕೊಪ್ಪ ಎಂದು ಒತ್ತಿದರೆ ಚಿಕ್ಕಮಗಳೂರು ಜಿಲ್ಲೆಯದೂ ಬರಬಹುದು, ಮದ್ದೂರು ತಾಲ್ಲೂಕಿನದೂ ಬರಬಹುದು. ಇಂಗ್ಲಿಷ್ ಕಾಗುಣಿತದಿಂದ ಯಂತ್ರ ಕನ್ನಡಕ್ಕೆ ಇಳಿಸಿದ ಹೆಸರುಗಳಲ್ಲಿ ಹಳ್ಳಿ ಹಲ್ಲಿಯಾಗುವುದನ್ನು ನೋಡಿ ಸಿಟ್ಟು ಮಾಡಿಕೊಂಡವರೂ ಬಹಳ. ಆದರೆ ದೊಡ್ಡ ಗೋಜಲು ಇರುವುದು ಬೆಂಗಳೂರಿನ ಅಂಚಿನ ರೆವಿನ್ಯೂ ಬಡಾವಣೆಗಳಲ್ಲಿ. ಸೈಟು ಮಾಡಿ ಮಾರಿದವರು ಹಾಕಿದ ಎರಡನೇ ಮುಖ್ಯರಸ್ತೆ ಒಂದು; ಕಾಂಪೌಂಡಿನ ಆಚೆ ಬೇರೊಬ್ಬರು ಮಾಡಿದ ಬಡಾವಣೆಯಲ್ಲೂ ಎರಡನೇ ಮುಖ್ಯರಸ್ತೆ. ಕ್ರಾಸುಗಳು ಒಂದು ಕಡೆ ಪೂರ್ವದಿಂದ ಎಣಿಕೆಯಾದರೆ ಇನ್ನೊಂದು ಕಡೆ ಪಶ್ಚಿಮದಿಂದ. ಬೋರ್ಡನ್ನು ಪಾಲಿಕೆ ಹಾಕಿದ್ದೋ, ನಿವಾಸಿಗಳ ಸಂಘ ಹಾಕಿದ್ದೋ, ಚುನಾವಣೆಗೆ ನಿಲ್ಲಲು ಹೊರಟವರು ತಮ್ಮ ಫೋಟೊ ಸಮೇತ ಹಾಕಿಸಿದ್ದೋ ತಿಳಿಯುವುದಿಲ್ಲ. ಇಂಥ ಕಡೆ ನಕ್ಷೆಯನ್ನು ಬೈಯುವುದು ಅರ್ಧ ನ್ಯಾಯ. ನೆಲದ ಮೇಲೆಯೇ ಇಲ್ಲದ ಒಪ್ಪ ನಕ್ಷೆಯಲ್ಲಿ ಎಲ್ಲಿಂದ ಬಂದೀತು?

ಅಲ್ಲಿ ಸಂಜೆಯ ಹೊತ್ತು ಕಿವಿಗೆ ಬೀಳುವ ಮಾತು ಇದು. 'ಸಾರ್, ಲೊಕೇಶನ್ ರಾಜಕಾಲುವೆ ಈಚೆ ತೋರಿಸ್ತಿದೆ, ಮುಂದೆ ಕಾಂಪೌಂಡು, ದಾರಿ ಇಲ್ಲ.' 'ಹಂಗೇ ವಾಪಸ್ ಬಾರಪ್ಪ, ಗಣಪತಿ ದೇವಸ್ಥಾನದ ಹತ್ರ ಬಲಕ್ಕೆ ತಗೊ, ಮೋರಿ ದಾಟಿದ್ ಮೇಲೆ ಫೋನ್ ಮಾಡು.' ಊಟದ ಪೊಟ್ಟಣ ಹೊತ್ತ ಆ ಹುಡುಗನ ಪೆಟ್ರೋಲು, ಸಮಯ, ಅವನಿಗೆ ಬೀಳುವ ಸ್ಟಾರು ಎಲ್ಲವೂ ಆ ಒಂದು ತಪ್ಪು ಗೆರೆಯ ಮೇಲೆ ನಿಂತಿವೆ. ಅದೇ ಕಾಂಪೌಂಡಿನ ಮುಂದೆ ಆಂಬುಲೆನ್ಸ್ ನಿಂತರೆ ದೇವಸ್ಥಾನದ ಗುರುತು ಹೇಳುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ತಪ್ಪು ಗೆರೆ ಜೀವ ತೆಗೆದ ಉದಾಹರಣೆಗಳೂ ಇವೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಮತ್ತು ಬದಾಯೂಂ ನಡುವೆ ಕಾರೊಂದು ತುದಿಯಿಲ್ಲದ ಸೇತುವೆಯ ಮೇಲಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆಯ ಮುಂದಿನ ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು, ಅಡ್ಡಗಟ್ಟೆಯಾಗಲಿ ಎಚ್ಚರಿಕೆಯ ಫಲಕವಾಗಲಿ ಇರಲಿಲ್ಲ, ನಕ್ಷೆ ದಾರಿ ಇದೆ ಎನ್ನುತ್ತಿತ್ತು. ಪೊಲೀಸರ ಎಫ್‌ಐಆರ್‌ನಲ್ಲಿ ಲೋಕೋಪಯೋಗಿ ಇಲಾಖೆಯ ನಾಲ್ವರು ಎಂಜಿನಿಯರುಗಳ ಜೊತೆಗೆ ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯೊಬ್ಬರ ಪ್ರಸ್ತಾಪವೂ ಬಂತು. ಇಲ್ಲಿ ಮೊದಲ ಹೊಣೆ ಯಾರದು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಮುರಿದ ಸೇತುವೆಗೆ ಅಡ್ಡ ಕಟ್ಟದ ಇಲಾಖೆಯದೇ. ನಕ್ಷೆಯೇ ಇಲ್ಲದೆ ಬಂದವರೂ ಕತ್ತಲಲ್ಲಿ ಅದೇ ನೀರಿಗೆ ಬೀಳುತ್ತಿದ್ದರು.

ಎರಡು ವರ್ಷ ಮುಂಚೆ, 2022ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಹಿಕರಿಯಲ್ಲಿ ಆದದ್ದು ಇನ್ನೂ ಹೆಚ್ಚು ಯೋಚನೆಗೆ ಹಚ್ಚುವಂಥದು. 2013ರಲ್ಲೇ ಕುಸಿದಿದ್ದ ಸೇತುವೆಯ ಮೇಲಿಂದ ರಾತ್ರಿ ಕಾರು ಬಿದ್ದು ಒಬ್ಬರು ಸತ್ತರು. ಅಲ್ಲೂ ತಡೆ ಇರಲಿಲ್ಲ. ಆದರೆ ಕುಟುಂಬದವರು ಹೂಡಿದ ದಾವೆಯಲ್ಲಿ ಇನ್ನೊಂದು ಮಾತಿತ್ತು. ಸ್ಥಳೀಯರೊಬ್ಬರು 2020ರಲ್ಲಿ ಸೇತುವೆ ಬಿದ್ದಿದೆ ಎಂದು ತಿದ್ದುಪಡಿ ಸೂಚಿಸಿದ್ದರು, ಪರಿಶೀಲಿಸುತ್ತಿದ್ದೇವೆ ಎಂಬ ಇಮೇಲೂ ಅವರಿಗೆ ಬಂದಿತ್ತು, ನಕ್ಷೆ ಮಾತ್ರ ಬದಲಾಗಿರಲಿಲ್ಲ ಎಂದು. ಗೊತ್ತಿಲ್ಲದೆ ತಪ್ಪು ಬರೆಯುವುದು ಒಂದು, ಗೊತ್ತು ಮಾಡಿಕೊಟ್ಟ ಮೇಲೂ ಬಿಟ್ಟಿರುವುದು ಇನ್ನೊಂದು. ನಮ್ಮ ವಾದವೆಲ್ಲ ಈ ಎರಡರ ನಡುವಿನ ಅಂತರದ ಮೇಲೆ ನಿಲ್ಲಬೇಕು.

ಕಾನೂನು ಈ ಅಂತರವನ್ನು ಇನ್ನೂ ಸರಿಯಾಗಿ ಹಿಡಿದಿಲ್ಲ. 1973ರಲ್ಲಿ ಅಲಾಸ್ಕಾದಲ್ಲಿ ವಿಮಾನವೊಂದು ಬೆಟ್ಟಕ್ಕೆ ಬಡಿದ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಪೈಲಟ್‌ಗಳು ಬಳಸಿದ ಜೆಪ್ಸನ್ ಕಂಪನಿಯ ಚಾರ್ಟನ್ನು ಮಾರಾಟದ ಸರಕು ಎಂದೇ ಪರಿಗಣಿಸಿತು. ಮಾಹಿತಿ ಸರ್ಕಾರದಿಂದಲೇ ಬಂದಿದ್ದರೂ ದೋಷಕ್ಕೆ ತಯಾರಕರು ಹೊಣೆ ಎಂದಿತು. ಅತ್ತ ಉಟಾದಲ್ಲಿ, 2009ರಲ್ಲಿ ಗೂಗಲ್ ಮ್ಯಾಪ್ಸ್ ತೋರಿಸಿದ ದಾರಿಯಲ್ಲಿ ನಡೆಯುತ್ತಿದ್ದಾಗ ಕಾರು ಬಡಿದು ಗಾಯಗೊಂಡ ಮಹಿಳೆ ಹೂಡಿದ ದಾವೆಯಲ್ಲಿ, ಆಕೆಯ ಬಗ್ಗೆ ಕಂಪನಿಗೆ ಕಾನೂನಿನ ಹೊಣೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಒಂದು ಕಡೆ ನಕ್ಷೆ ಯಂತ್ರದ ಬಿಡಿಭಾಗ, ಇನ್ನೊಂದು ಕಡೆ ಲೋಕಕ್ಕೆಲ್ಲ ಅಚ್ಚು ಹಾಕಿ ಹಂಚಿದ ಪುಸ್ತಕ. ಆದರೆ ತಿರುವು ತಿರುವಿಗೂ ದಾರಿ ಹೇಳುವ ಮೊಬೈಲ್ ನಕ್ಷೆ ಪುಸ್ತಕದಂತೆ ನಡೆದುಕೊಳ್ಳುತ್ತದೆಯೇ? ನಾನು ಎಲ್ಲಿದ್ದೇನೆ, ಎಲ್ಲಿಗೆ ಹೊರಟಿದ್ದೇನೆ ಎಂದು ತಿಳಿದು ನನಗೊಬ್ಬನಿಗೇ ಆ ಕ್ಷಣಕ್ಕೆ ಸಲಹೆ ಕೊಡುವ ಪುಸ್ತಕವನ್ನು ನಾನಂತೂ ನೋಡಿಲ್ಲ.

ಪುಕ್ಕಟೆ ಸೇವೆಗೆ ಹೊಣೆ ಕೇಳುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಪುಕ್ಕಟೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಓಡಾಟದ ಮಾಹಿತಿ, ದಾರಿಯ ಅಂಗಡಿಗಳ ಜಾಹೀರಾತು ಅದರ ಬೆಲೆ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಪ್ರತಿ ತಪ್ಪಿಗೂ ಪರಿಹಾರ ಕೊಡಿ ಎಂದರೆ ಕಂಪನಿಗಳು ಖಾತರಿಯಿಲ್ಲದ ರಸ್ತೆಗಳನ್ನೆಲ್ಲ ಅಳಿಸಿಬಿಡುತ್ತವೆ. ಹೆದ್ದಾರಿ ಉಳಿಯುತ್ತದೆ, ಪಾವಗಡದ ಒಳದಾರಿ ಹೋಗುತ್ತದೆ. ಹಳ್ಳಿಗೆ ತಪ್ಪು ನಕ್ಷೆ ಇರುವುದಕ್ಕಿಂತ ನಕ್ಷೆಯೇ ಇಲ್ಲದಿರುವುದು ಹೆಚ್ಚಿನ ನಷ್ಟ. ಆದ್ದರಿಂದ ನಾನು ಕೇಳುವುದು ಕಡಿಮೆ, ಆದರೆ ಗಟ್ಟಿ. ಅಪಾಯದ ತಪ್ಪು ಇದೆ ಎಂದು ಲಿಖಿತವಾಗಿ ತಿಳಿಸಿದ ಮೇಲೆ ಗೊತ್ತಾದ ಗಡುವಿನೊಳಗೆ ತಿದ್ದಬೇಕು, ಆಗದಿದ್ದರೆ ಆ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಬೇಕು. ಎರಡೂ ಆಗದಿದ್ದಲ್ಲಿ ಹೊಣೆ ಕಂಪನಿಯದು. ಜೊತೆಗೆ ಖಾತರಿಯಿಲ್ಲದ ರಸ್ತೆಯ ಗೆರೆ ಖಾತರಿಯಿಲ್ಲದಂತೆಯೇ ಕಾಣಬೇಕು. ಹಳೆಯ ಹಾಳೆಗಳು ಬರೀ ಶಾಯಿಯಲ್ಲಿ ಮಾಡಿದ ಕೆಲಸ ಇದು, ಸಾಫ್ಟ್‌ವೇರಿಗೆ ಅಸಾಧ್ಯವೇನಲ್ಲ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ರಸ್ತೆಯನ್ನೂ ಯಾವ ಖಾತೆಯಿಂದ ಯಾವಾಗ ಬರೆದರು, ತಿದ್ದಿದರು ಎಂಬ ಚರಿತ್ರೆ ಎಲ್ಲರಿಗೂ ಕಾಣುತ್ತದೆ. ಕಿಡಿಗೇಡಿಗಳ ಕಾಟ ಅಲ್ಲೂ ಉಂಟು. ಆದರೆ ತಪ್ಪು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ನೋಡುವ ಹಕ್ಕಾದರೂ ಇದೆ.

ಸರ್ಕಾರದ ಪಾತ್ರ ಇನ್ನೂ ವಿಚಿತ್ರ. 1767ರಷ್ಟು ಹಿಂದೆ ಹುಟ್ಟಿದ ಸರ್ವೆ ಆಫ್ ಇಂಡಿಯಾ, 2013ರಲ್ಲಿ ಗೂಗಲ್ ಜನರಿಂದ ನಕ್ಷೆ ಬರೆಸುವ ಮ್ಯಾಪಥಾನ್ ಸ್ಪರ್ಧೆ ನಡೆಸಿದಾಗ ಪೊಲೀಸ್ ದೂರು ಕೊಟ್ಟಿತು, ವಿಷಯ ಸಿಬಿಐವರೆಗೂ ಹೋಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ನಿಯಮ ಸಡಿಲಿಸಿ, ಭಾರತೀಯ ಕಂಪನಿಗಳು ಪೂರ್ವಾನುಮತಿ ಇಲ್ಲದೆ ನಕ್ಷೆ ಮಾಡಬಹುದು ಎಂದಿತು. ನಕ್ಷೆ ಯಾರು ಬರೆಯಬಾರದು ಎಂಬ ಚಿಂತೆ ಇಷ್ಟು ಕಾಲ ಇತ್ತು, ಬರೆದದ್ದನ್ನು ಯಾರು ತಿದ್ದಬೇಕು ಎಂಬ ಚಿಂತೆ ಅಷ್ಟಾಗಿ ಕಾಣಲಿಲ್ಲ. ಬೀದಿಗೆ ಹೆಸರಿಡುವುದು, ಮನೆಗೆ ನಂಬರು ಕೊಡುವುದು ಸ್ಥಳೀಯ ಸಂಸ್ಥೆಗಳ ಕೆಲಸ. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪನ್ನು ನಮ್ಮ ರಾಜ್ಯವೇ ಮಾಡಿದೆ. ಅಷ್ಟು ಮಾಡಲು ಬಂದವರಿಗೆ ಯಾವ ಸೇತುವೆ ಮುಚ್ಚಿದೆ, ಯಾವ ಏರಿಯ ಮೇಲೆ ಸಾರ್ವಜನಿಕ ಸಂಚಾರವಿಲ್ಲ, ಯಾವ ರಸ್ತೆಯ ಅಧಿಕೃತ ಹೆಸರೇನು ಎಂಬ ಪಟ್ಟಿಯನ್ನು ಯಾರು ಬೇಕಾದರೂ ಎತ್ತಿಕೊಳ್ಳುವಂತೆ ಪ್ರಕಟಿಸುವುದು ದೊಡ್ಡ ಮಾತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಿದೆ. ಹೊಸ ಪಾಲಿಕೆಗಳು ಹೊಸ ಬೋರ್ಡು ಬರೆಸುವ ಮುನ್ನ ಈ ಪಟ್ಟಿಯಿಂದ ಶುರು ಮಾಡಲಿ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ನಿಮ್ಮ ಊರಿನ ದಾರಿ ಮ್ಯಾಪಿನಲ್ಲಿ ಅಪಾಯವಾಗುವಷ್ಟು ತಪ್ಪಾಗಿದ್ದರೆ ಫೋನಿನಲ್ಲಿ ತಿದ್ದುಪಡಿ ಸೂಚಿಸಿ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದೇ ದಿನ ಪಂಚಾಯಿತಿಗೋ ಪಾಲಿಕೆಗೋ ಒಂದು ಅರ್ಜಿ ಕೊಟ್ಟು ಸೀಲು, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ನಾಳೆ ಯಾರಿಗಾದರೂ ಏನಾದರೂ ಆದರೆ, ನಮಗೆ ಗೊತ್ತೇ ಇರಲಿಲ್ಲ ಎನ್ನಲು ಇಬ್ಬರಿಗೂ ಆಗಬಾರದು.