ಮನೆವಾರ್ತೆ: ತಾನಾಗಿ ಗೇರು ಬದಲಿಸುವ ಕಾರೂ ಡೀಲರರ ದುರಸ್ತಿಯೂ

ಜಾತ್ರೆಯಲ್ಲಿ ಎತ್ತನ್ನು ಕೊಳ್ಳತಕ್ಕ ರೈತನು ಅದರ ಹಲ್ಲನ್ನು ನೋಡುವನು, ಸುಳಿಯನ್ನು ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು. ಅಷ್ಟಾದ ಮೇಲೆಯೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವನು. ಹತ್ತಾರು ಲಕ್ಷ ರೂಪಾಯಿಗಳನ್ನು ತೆತ್ತು ಕಾರನ್ನು ಕೊಳ್ಳುವ ನಾವಾದರೋ ಅದರ ಬಣ್ಣವನ್ನೂ ಆಸನಗಳ ಮೆತ್ತೆಯನ್ನೂ ನೋಡಿ ತೃಪ್ತರಾಗುವೆವು. ಒಳಗಿರುವ ಯಂತ್ರವು ಯಾವ ಜಾತಿಯದು, ಅದರ ಸ್ವಭಾವವೇನು ಎಂಬುದನ್ನು ವಿಚಾರಿಸುವುದು ಅದು ಕೆಟ್ಟು ನಿಂತ ಮೇಲೆ.

ಈ ತಿಂಗಳ ಮಾತು ತಾನಾಗಿ ಗೇರು ಬದಲಿಸಿಕೊಳ್ಳುವ, ಜನರು ಆಟೋಮ್ಯಾಟಿಕ್ ಎಂದು ಕರೆಯುವ ಕಾರುಗಳನ್ನು ಕುರಿತದ್ದು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಕೆಲವು ತಿಂಗಳು ಪಾಡುಪಟ್ಟು ಪಾಠ ಕಲಿತ ಗೃಹಸ್ಥನು, ಅಷ್ಟೆ. ಆ ಪಾಠವು ವಾಚಕರಿಗೆ ಕಡಮೆ ಬೆಲೆಗೆ ದೊರೆಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಾಕೆಯ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ಚನ್ನು ತುಳಿಯುವುದು ಆಕೆಯಿಂದಾಗದ ಕೆಲಸವಾಯಿತು. ಮಲ್ಲೇಶ್ವರದಲ್ಲಿರುವ ವೃದ್ಧ ತಾಯಿಯನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯುವ ಭಾರವು ಆಕೆಯದೇ ಆಗಿತ್ತು. ಆದುದರಿಂದ ಆಟೋಮ್ಯಾಟಿಕ್ ಕಾರು ನಮಗೆ ಭೋಗದ ವಸ್ತುವಲ್ಲ. ಊರುಗೋಲಿನಂತೆ ಬೇಕಾದ ವಸ್ತು. ಕೊಂಡ ಏಳು ತಿಂಗಳವರೆಗೆ ಅದು ಚೆನ್ನಾಗಿಯೇ ನಡೆಯಿತು. ಅನಂತರ ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಮೈ ನಡುಗಿದಂತೆ ನಡುಗತೊಡಗಿತು. ಒಂದು ಸಂಜೆ ಅತ್ತೆಯವರನ್ನು ಕೂರಿಸಿಕೊಂಡು ಬರುತ್ತಿರುವಾಗ, ನಾಲ್ಕು ರಸ್ತೆಗಳು ಕೂಡುವ ಕಡೆ ಹಸುರು ದೀಪ ಬಿದ್ದರೂ ಕಾರು ಮುಂದೆ ಸಾಗಲಿಲ್ಲ. ಎಂಜಿನ್ನು ಮಾತ್ರ ಗರ್ಜಿಸಿತು. ಹಿಂದೆ ಬರುತ್ತಿದ್ದ ಲಾರಿಯು ಒಂದು ಮೊಳದ ದೂರದಲ್ಲಿ ನಿಂತಿತಂತೆ. ಮನೆಗೆ ಬಂದ ಮೇಲೆ ಅತ್ತೆಯವರು, "ಇನ್ನು ಮೇಲೆ ನಾನು ಆ ಗಾಡಿ ಹತ್ತೋದಿಲ್ಲ ಕಣೇ, ಆಟೋದಲ್ಲೇ ಹೋಗಿಬರ್ತೀನಿ" ಎಂದುಬಿಟ್ಟರು.

ನಮ್ಮ ಕಥೆಯನ್ನು ಇಲ್ಲಿ ನಿಲ್ಲಿಸಿ, ಈ ಯಂತ್ರಗಳ ಜಾತಿಗಳನ್ನು ಸ್ವಲ್ಪ ತಿಳಿಯೋಣ. ಏಕೆಂದರೆ ಒಂದು ಜಾತಿಗೆ ಸಹಜವಾದುದು ಇನ್ನೊಂದು ಜಾತಿಗೆ ರೋಗವಾಗಿರುವುದು.

ಮೊದಲನೆಯದು ಎಣ್ಣೆಯ ಮೂಲಕ ಬಲವನ್ನು ಸಾಗಿಸುವ ಹಳೆಯ ಬಗೆ. ಎದುರುಬದುರಾಗಿ ಇಟ್ಟ ಎರಡು ಬೀಸಣಿಗೆಗಳಲ್ಲಿ ಒಂದನ್ನು ತಿರುಗಿಸಿದರೆ ಗಾಳಿಯ ಹೊಡೆತಕ್ಕೆ ಇನ್ನೊಂದೂ ತಿರುಗುವುದಷ್ಟೆ. ಇಲ್ಲಿ ಗಾಳಿಗೆ ಬದಲಾಗಿ ಎಣ್ಣೆ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯವರು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಕೂಡಿಸಿದ ಹೈಡ್ರಾ-ಮ್ಯಾಟಿಕ್ ಎಂಬುದು ಈ ವಂಶದ ಹಿರಿಯನು. ಇಂದು ಇದನ್ನು ಟಾರ್ಕ್ ಕನ್ವರ್ಟರ್ ಎನ್ನುವರು. ಎರಡನೆಯದು ಸಿ.ವಿ.ಟಿ. ಇದರಲ್ಲಿ ಮೆಟ್ಟಿಲುಗಳಂತಹ ಗೇರುಗಳಿಲ್ಲ. ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಓಡುವುದು. ಮೂರನೆಯದು ಎ.ಎಂ.ಟಿ. ಇದು ನಮ್ಮ ಸಾಮಾನ್ಯ ಗೇರುಪೆಟ್ಟಿಗೆಯೇ. ಕ್ಲಚ್ಚನ್ನು ಒತ್ತಿ ಗೇರನ್ನು ಹಾಕುವ ಕೆಲಸವನ್ನು ಮಾತ್ರ ಮನುಷ್ಯನಿಗೆ ಬದಲು ಯಂತ್ರವು ಮಾಡುವುದು. 2014ರಲ್ಲಿ ಮಾರುತಿ ಸುಜುಕಿಯವರ ಸೆಲೆರಿಯೋ ಕಾರಿನೊಡನೆ ಇದು ನಮ್ಮ ದೇಶದ ಸಾಧಾರಣ ಸಂಸಾರಗಳಿಗೂ ಎಟುಕುವಂತಾಯಿತು. ನಾಲ್ಕನೆಯದು ಎರಡು ಕ್ಲಚ್ಚುಗಳ ಬಗೆ: ಒಂದು, ಮೂರು, ಐದು ಎಂಬ ಬೆಸ ಗೇರುಗಳಿಗೆ ಒಂದು ಕ್ಲಚ್ಚು, ಎರಡು, ನಾಲ್ಕು, ಆರು ಎಂಬ ಸಮ ಗೇರುಗಳಿಗೆ ಮತ್ತೊಂದು. ಇದರಲ್ಲಿ ಎಣ್ಣೆಯಲ್ಲಿ ಮುಳುಗಿರುವುದು, ಒಣಗಿರುವುದು ಎಂದು ಎರಡು ಉಪಜಾತಿಗಳುಂಟು. ಒಣ ಕ್ಲಚ್ಚು ಖರ್ಚಿನಲ್ಲಿ ಹಗುರ; ಆದರೆ ಅಂಗುಲ ಅಂಗುಲವಾಗಿ ತೆವಳುವ ವಾಹನಸಂದಣಿಯಲ್ಲಿ ಅದು ಬೇಗನೆ ಕಾಯುವುದು. ನಮ್ಮ ಕಾರು ಈ ಕೊನೆಯ ಜಾತಿಯದು.

ಎ.ಎಂ.ಟಿ. ಕಾರು ಗೇರು ಬದಲಿಸುವಾಗ ತುಸು ತಲೆದೂಗಿದಂತೆ ಆಗುವುದು ಅದರ ಸ್ವಭಾವ, ಅದಕ್ಕಾಗಿ ಜಗಳವಾಡಬೇಕಾಗಿಲ್ಲ. ಆದರೆ ಯಾವ ಜಾತಿಯಲ್ಲಿಯೇ ಆಗಲಿ, ಡಿ ಅಥವಾ ಆರ್ ಗುರುತಿಗೆ ಹಾಕಿದ ಮೇಲೆ ಒಂದೆರಡು ಕ್ಷಣ ಸುಮ್ಮನಿದ್ದು ಬಳಿಕ ಧಡಕ್ಕೆಂದು ಹಿಡಿಯುವುದು, ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದು, ಒಂದೇ ಗೇರಿನಲ್ಲಿ ಅಂಟಿಕೊಳ್ಳುವುದು, ಸುಟ್ಟ ವಾಸನೆ ಬರುವುದು, ಇವು ಅಲಕ್ಷಿಸತಕ್ಕ ಚಿಹ್ನೆಗಳಲ್ಲ. ಟಾರ್ಕ್ ಕನ್ವರ್ಟರಿನ ಎಣ್ಣೆಯು ಸಾಮಾನ್ಯವಾಗಿ ಕೆಂಪಾಗಿರುವುದು. ಅದು ಕಂದಿ ಕಪ್ಪಾಗಿ ಸೀದ ವಾಸನೆ ಬಂದರೆ ಒಳಗೆ ಏನೋ ಬೇಯುತ್ತಿದೆ ಎಂದು ತಿಳಿಯಬೇಕು. ಕೆಲವರು "ಈ ಎಣ್ಣೆ ಆಜೀವಪರ್ಯಂತ ಬರುವುದು" ಎನ್ನುವರು. ಯಾರ ಆಜೀವ ಎಂದು ಕೇಳಿ, ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆದು ನೋಡುವುದು ಮೇಲು.

ಈಗ ನಮ್ಮ ಕಥೆಗೆ ಬರೋಣ. ಕಾರು ಮಾರಿದ ಡೀಲರರ ಸರ್ವಿಸ್ ಸೆಂಟರಿಗೆ ಮೊದಲ ಸಲ ಹೋದಾಗ ಸಾಫ್ಟ್‌ವೇರನ್ನು ಹೊಸದಾಗಿ ತುಂಬಿ ಕಳುಹಿಸಿದರು. ಹತ್ತು ದಿನ ಸುಖ. ಹನ್ನೊಂದನೆಯ ದಿನ ಮತ್ತೆ ನಡುಕ. ಎರಡನೆಯ ಸಲ "ಓಡಿಸಿ ನೋಡಿದೆವು, ದೋಷ ಕಾಣಲಿಲ್ಲ" ಎಂದು ಬರೆದುಕೊಟ್ಟರು. ಮೂರನೆಯ ಸಲ ಅಲ್ಲಿಯ ಯುವಕನು ವಿನಯದಿಂದಲೇ, "ಮೇಡಂ, ಗಾಡಿಯಲ್ಲಿ ಏನೂ ಇಲ್ಲ, ನೀವು ಓಡಿಸೋ ರೀತಿಯಿಂದ ಹಾಗಾಗ್ತಿದೆ" ಎಂದನು. ಇಪ್ಪತ್ತು ವರ್ಷ ಕಾರು ನಡೆಸಿದ ಆಕೆ ಉತ್ತರ ಹೇಳದೆ ಹಿಂದಿರುಗಿದಳು. ಆ ರಾತ್ರಿ ಊಟದ ಹೊತ್ತಿನಲ್ಲಿ, "ನಿಜವಾಗಿಯೂ ನನ್ನದೇ ತಪ್ಪಿರಬಹುದೇ?" ಎಂದು ನನ್ನನ್ನು ಕೇಳಿದಳು. ಕಾರು ಕೆಟ್ಟದ್ದಕ್ಕಿಂತ ಈ ಮಾತು ನನಗೆ ಹೆಚ್ಚು ನೋವುಂಟುಮಾಡಿತು.

ಈ ಸಂಶಯವು ನಮ್ಮ ಮನೆಯ ಆಕೆಗೆ ಮಾತ್ರ ಬಂದುದಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಫೋರ್ಡ್ ಸಂಸ್ಥೆಯವರು ಮಾರಿದ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಲ್ಲಿ ಪವರ್‌ಶಿಫ್ಟ್ ಎಂಬ ಎರಡು ಕ್ಲಚ್ಚುಗಳ ಯಂತ್ರವಿತ್ತು. ಅವು ನಡುಗುವುವೆಂದು ದೂರಿದ ಗಿರಾಕಿಗಳಿಗೆ ಸಂಸ್ಥೆಯವರು ಅನೇಕ ವೇಳೆ ನಿಮ್ಮ ಓಡಿಸುವ ರೀತಿಯೇ ಕಾರಣವೆಂದು ಉತ್ತರ ಕೊಡುತ್ತಿದ್ದರು. ಆ ನಡುಕವು ಯಂತ್ರದ ದೋಷದ ಲಕ್ಷಣವೆಂಬುದು ಅವರಿಗೆ ತಿಳಿದೇ ಇತ್ತು. ಗ್ರಾಹಕರ ಹಿತವನ್ನು ಕಾಯುವ ಅಲ್ಲಿಯ ಸರ್ಕಾರಿ ಆಯೋಗವು ನ್ಯಾಯಸ್ಥಾನಕ್ಕೆ ಹೋಯಿತು. 2015ನೆಯ ಮೇ ತಿಂಗಳಿಂದ 2016ನೆಯ ಫೆಬ್ರವರಿಯವರೆಗೆ ದೂರುಗಳನ್ನು ನಡೆಯಿಸಿದ ರೀತಿಯು ಧರ್ಮವಲ್ಲವೆಂದು 2018ರಲ್ಲಿ ಫೆಡರಲ್ ನ್ಯಾಯಾಲಯವು ತೀರ್ಮಾನಿಸಿ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರುಗಳ ದಂಡವನ್ನು ವಿಧಿಸಿತು. ಇದನ್ನು ಓದಿ ಹೇಳಿದಾಗ ಆಕೆಯ ಮುಖವು ಗೆಲುವಾಯಿತು. ಮರುದಿನವೇ ಒಂದು ಚಿಕ್ಕ ನೋಟುಬುಕ್ಕನ್ನು ಕಾರಿನಲ್ಲಿಟ್ಟಳು.

ನಮ್ಮನ್ನು ಉಳಿಸಿದುದು ಆ ನೋಟುಬುಕ್ಕು. ತಾರೀಖು, ಹೊತ್ತು, ಓಡಿದ ಕಿಲೋಮೀಟರು, ಎಂಜಿನ್ನು ತಣ್ಣಗಿತ್ತೇ ಕಾದಿತ್ತೇ, ಯಾವ ಗೇರಿನಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ, ಇಷ್ಟನ್ನೇ ಆಕೆ ಬರೆಯುತ್ತ ಬಂದಳು. ಮೂರು ವಾರಗಳಾದ ಮೇಲೆ ಓದಿ ನೋಡಿದರೆ ಗುಟ್ಟು ಹೊರಬಿತ್ತು: ಬೆಳಗಿನ ಹೊತ್ತು ಒಂದು ಸಲವೂ ನಡುಕವಿಲ್ಲ; ಬಂದುದೆಲ್ಲ ಅರ್ಧ ಗಂಟೆಗೂ ಮೇಲ್ಪಟ್ಟು ಸಂದಣಿಯಲ್ಲಿ ತೆವಳಿದ ಮೇಲೆ. ಸರ್ವಿಸ್ ಸೆಂಟರಿನವರಾದರೋ ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ತೆರಪಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡುತ್ತಿದ್ದರು. ಜ್ವರವಿಳಿದ ಹೊತ್ತಿನಲ್ಲಿ ನಾಡಿ ನೋಡಿದ ವೈದ್ಯನಂತೆ, ಅವರು ದೋಷ ಕಾಣಲಿಲ್ಲವೆಂದದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ನಾಲ್ಕನೆಯ ಸಲ ಹೋದಾಗ ನಾವು ಕಾರನ್ನು ಬಿಟ್ಟು ಬರಲಿಲ್ಲ. "ಸಂಜೆ ಆರು ಗಂಟೆಗೆ ನಿಮ್ಮ ಹಿರಿಯ ಮೆಕ್ಯಾನಿಕ್ಕರು ನಮ್ಮೊಡನೆ ಕುಳಿತು ಬರಲಿ" ಎಂದು ಕೇಳಿದೆವು. ಬಂದವರು ತಲೆ ನರೆತ ಸಜ್ಜನರು. ಮುಕ್ಕಾಲು ಗಂಟೆ ಸಂದಣಿಯಲ್ಲಿ ಸುತ್ತಿದ ಮೇಲೆ ಕಾರು ನಡುಗಿತು. ಅವರು ತಮ್ಮ ಕೈಯಲ್ಲಿದ್ದ ಯಂತ್ರದಲ್ಲಿ ಕ್ಲಚ್ಚಿನ ಕಾವನ್ನು ನೋಡಿ, "ಅಮ್ಮಾ, ನೀವು ಹೇಳಿದ್ದು ಸರಿ, ಕ್ಲಚ್ಚನ್ನೇ ಬದಲಾಯಿಸಬೇಕು" ಎಂದರು. ಅನಂತರ ಸ್ವಲ್ಪ ತಡೆದು, "ಒಂದು ಮಾತು ಹೇಳಿದರೆ ಬೇಸರಪಟ್ಟುಕೋಬೇಡಿ. ಏರಿನಲ್ಲಿ ನಿಂತಾಗ ಬ್ರೇಕು ಒತ್ತದೆ ಆಕ್ಸಿಲರೇಟರಿನಲ್ಲೇ ಗಾಡೀನ ಹಿಡಿದು ನಿಲ್ಲಿಸ್ತೀರಿ. ಈ ಕ್ಲಚ್ಚಿಗೆ ಅದು ಒಳ್ಳೇದಲ್ಲ" ಎಂದರು. ಅದೂ ನಿಜವೇ. ಮಲ್ಲೇಶ್ವರದ ಇಳಿಜಾರು ಅಡ್ಡರಸ್ತೆಗಳಲ್ಲಿ ಆಕೆಗೆ ಆ ಅಭ್ಯಾಸವಾಗಿತ್ತು. ದೋಷವು ಯಂತ್ರದಲ್ಲಿಯೇ ಇದ್ದಿತಾದರೂ ಈ ಬುದ್ಧಿಮಾತನ್ನು ಆಕೆ ಸಂತೋಷದಿಂದ ಒಪ್ಪಿಕೊಂಡಳು. ಗೌರವದಿಂದ ಹೇಳಿದ ತಪ್ಪನ್ನು ಯಾರು ತಾನೇ ಒಪ್ಪುವುದಿಲ್ಲ? ಕಾರು ಹತ್ತೊಂಬತ್ತು ದಿನ ಅಲ್ಲಿಯೇ ನಿಂತಿತು. ವಾರಂಟಿಯ ಅವಧಿ ಮುಗಿದಿರಲಿಲ್ಲವಾದ್ದರಿಂದ ಕಾಸು ಬೀಳಲಿಲ್ಲ.

ಇದರಿಂದ ನಾವು ಕಲಿತುದನ್ನು ಗೃಹಸ್ಥರ ಉಪಯೋಗಕ್ಕಾಗಿ ಒಟ್ಟಾಗಿ ಹೇಳುತ್ತೇನೆ. ದೂರನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬಾರದು. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲಿಯೇ ಬರೆಯಿಸಬೇಕು. "ಸಾಧಾರಣ ತಪಾಸಣೆ" ಎಂದು ಬರೆದರೆ ನಾಳೆ ನಿಮಗೆ ಸಾಕ್ಷಿಯಿಲ್ಲ. ಹಣ ಕೊಡದ ದುರಸ್ತಿಗೂ ಬಿಲ್ಲನ್ನು ಪಡೆದಿಡಬೇಕು. ಕಂಪ್ಯೂಟರಿನಲ್ಲಿ ಕಂಡ ದೋಷದ ಸಂಕೇತಗಳನ್ನು ಅಳಿಸುವ ಮುನ್ನ ಬರೆದುಕೊಡಿರೆಂದು ಕೇಳಬೇಕು. ಪಿ-0700 ಎಂಬ ಸಂಕೇತವು ಗೇರುಪೆಟ್ಟಿಗೆಯ ನಿಯಂತ್ರಕವು ಏನೋ ದೂರುತ್ತಿದೆ ಎಂಬಷ್ಟನ್ನೇ ಹೇಳುವುದು. ಅದರ ಜೊತೆಯಲ್ಲಿರುವ ಬೇರೆ ಸಂಕೇತವೇ ರೋಗದ ಹೆಸರು. ವಾರಂಟಿ ಮುಗಿಯುವ ತಾರೀಖನ್ನು ಪಂಚಾಂಗದಲ್ಲಿ ಗುರುತು ಮಾಡಿಟ್ಟು, ಅದಕ್ಕೆ ಮುಂಚೆಯೇ ದೂರನ್ನು ಬರಹದಲ್ಲಿ ತಲಪಿಸಬೇಕು.

ಇಷ್ಟರಿಂದಲೂ ಫಲವಾಗದಿದ್ದರೆ 2019ನೆಯ ಗ್ರಾಹಕ ಸಂರಕ್ಷಣಾ ಕಾಯಿದೆಯುಂಟು. ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಬಹುದು. ಅನಂತರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುವುದು. ಆದರೆ ಹೊಸ ಕಾರೇ ಸಿಕ್ಕುವುದೆಂದು ಹಾರೈಸಬಾರದು. ಕ್ಲಚ್ಚಿನ ದೂರಿನಿಂದಲೇ ಎದ್ದ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ವಾರಂಟಿಯು ಕೆಟ್ಟ ಭಾಗವನ್ನು ಸರಿಪಡಿಸುವ ಇಲ್ಲವೆ ಬದಲಾಯಿಸುವ ಮಾತಷ್ಟನ್ನೇ ಕೊಟ್ಟಿರುವಾಗ ಇಡೀ ವಾಹನವನ್ನೇ ಬದಲಾಯಿಸಿರೆಂದು ಹೇಳಲಾಗದೆಂದು ತೀರ್ಪಿತ್ತಿದೆ. ಆದುದರಿಂದ ಜಗಳಕ್ಕೆ ಮುಂಚೆ ಸಾಕ್ಷ್ಯ, ಸಾಕ್ಷ್ಯಕ್ಕೆ ಮುಂಚೆ ಸಮಾಧಾನ.

ಕಾರು ಮನೆಗೆ ಬಂದ ಮೇಲೂ ಅತ್ತೆಯವರು ಒಂದು ತಿಂಗಳು ಅದನ್ನು ಹತ್ತಲಿಲ್ಲ. ಮಗಳು ಬಲವಂತ ಮಾಡಲಿಲ್ಲ. ಆಟೋದ ಹಿಂದೆ ತಾನು ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಬಂದಳು. ಒಂದು ದಿನ ಮಳೆ ಹಿಡಿದು ಆಟೋ ಸಿಕ್ಕಲಿಲ್ಲ. ಅತ್ತೆಯವರು ಜಗುಲಿಯಲ್ಲಿ ನಿಂತು ಕಾರನ್ನು ಸ್ವಲ್ಪ ಹೊತ್ತು ನೋಡಿ, "ಆ ಪುಸ್ತಕ ಒಳಗಿದೆ ತಾನೇ?" ಎಂದು ಕೇಳಿದರು. ಇದೆಯೆಂದ ಮೇಲೆ ಹತ್ತಿ ಕುಳಿತರು. ದಾರಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದರಂತೆ. ಅಂದು ಅದರಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ.